ಬೇವಿನ ಕೊರಳಿಗೆ ಕಟ್ಟಿದ ಕಟ್ಟೆ

ಬೀದರಿನ ಚರ್ಮದ ಡಾಕ್ಟರರೊಬ್ಬರು ನನ್ನ ಎರಡೂ ಅಂಗೈಗಳನ್ನು ದೀಪದ ಕೆಳಗೆ ತಿರುವಿ ತಿರುವಿ ನೋಡಿ, "ಇನ್ನ ಸಿಮೆಂಟ್ ಮುಟ್ಟಬ್ಯಾಡ್ರಿ" ಎಂದಾಗ ನನಗೆ ನಲವತ್ತೇಳು ವರ್ಷ.

"ಎಷ್ಟ್ ದಿನಾರಿ?" ಎಂದೆ.

"ದಿನದ ಮಾತಲ್ರಿ. ಎಂದೂ ಮುಟ್ಟಬ್ಯಾಡ್ರಿ."

ನಾನು ಗೌಂಡಿ. ಹದಿನೆಂಟನೆಯ ವಯಸ್ಸಿನಿಂದ ಗೋಡೆ ಕಟ್ಟುವುದು, ಸಿಮೆಂಟ್ ಮೆತ್ತಿ ಗಿಲಾವು ಮಾಡುವುದು, ನೆಲಕ್ಕೆ ಫರಸಿ ಕಲ್ಲು ಹಾಸುವುದು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಗೌಂಡಿಗೆ ಸಿಮೆಂಟ್ ಮುಟ್ಟಬೇಡ ಎನ್ನುವುದೂ ಒಂದೇ, ಅಡುಗೆಯವನಿಗೆ ಉಪ್ಪು ಮುಟ್ಟಬೇಡ ಎನ್ನುವುದೂ ಒಂದೇ. ಆದರೆ ಕೈಗಳ ಸ್ಥಿತಿ ಹಾಗೇ ಇತ್ತು. ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತು, ಊಟಕ್ಕೆ ಕೂತರೆ ಸಾರಿನ ಖಾರ ಉರಿಯುತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಮುರಿದು ತಾಟಿಗೆ ಹಾಕತೊಡಗಿದ್ದಳು. ಅದು ನನಗೆ ಕೈ ಉರಿಗಿಂತ ಹೆಚ್ಚು ಉರಿಯುತ್ತಿತ್ತು.

ಎರಡು ತಿಂಗಳು ಮನೆಯಲ್ಲಿ ಕೂತೆ. ಕೂತು ಏನು ಮಾಡಿದೆನೆಂದರೆ, ಎಲ್ಲರ ಮೇಲೂ ಸಿಟ್ಟು ಮಾಡಿದೆ. ಚಹಾ ತಣ್ಣಗಾಗಿದೆ ಎಂದು ಒಮ್ಮೆ, ಸುಡುತ್ತಿದೆ ಎಂದು ಒಮ್ಮೆ. ಎದುರು ಮನೆಯಲ್ಲಿ ಯಾರೋ ಹೊಸ ಗೌಂಡಿ ಕಂಪೌಂಡ್ ಕಟ್ಟುತ್ತಿದ್ದ. ಅವನ ಗೋಡೆ ಸೊಟ್ಟಗಿದೆ ಎಂದು ಕಿಟಕಿಯಿಂದಲೇ ಕೂಗಿ ಹೇಳಿ ಅವನ ಕೈಲೂ ಬೈಸಿಕೊಂಡೆ. ಗೋಡೆ ಸೊಟ್ಟಗೇ ಇತ್ತು, ಆ ಮಾತು ಬೇರೆ.

ಅಷ್ಟರಲ್ಲಿ ಒಬ್ಬ ಮೇಡಂ ಅವರಿಂದ ಫೋನ್ ಬಂತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಬೀದರಿನ ಹಳೆಯ ಓಣಿಯೊಂದರಲ್ಲಿ ಅವರ ಮನೆ. ಮುಂದೆ ಒಂದು ಅರಳಿ ಮರ. ಅವರದು ಬೌದ್ಧ ಕುಟುಂಬ. ಹುಣ್ಣಿಮೆಯ ದಿನ ಮನೆಮಂದಿಯೆಲ್ಲ ಬಿಳಿ ಬಟ್ಟೆ ಉಟ್ಟು ಆ ಮರದ ಮುಂದೆ ವಂದನೆ ಮಾಡುತ್ತಾರೆ. ಹೆಚ್ಚೆಂದರೆ ಒಂದು ಕಟ್ಟೆ ಕಟ್ಟಿಸಲು ಕರೆದಿರಬೇಕು, ಸಿಮೆಂಟ್ ಕಲಸುವವರನ್ನು ಬೇರೆ ಇಟ್ಟುಕೊಂಡರೆ ಆದೀತು ಎಂದುಕೊಂಡು ಹೋದೆ. ಕಟ್ಟೆ ಆಗಲೇ ಇತ್ತು. ಒಳ್ಳೆಯ ಕೈಕೆಲಸ.

"ಇದನ್ನ ಒಡೀರಿ" ಎಂದರು.

ನನಗೆ ನಗು ಬಂತು. "ಮೇಡಂ, ಕಟ್ಟೋ ಮನಷ್ಯಾಗ ಒಡೀಲಾಕ ಕರದೀರಲ್ರಿ."

"ಕಟ್ಟೋರಿಗೇ ಗೊತ್ತಿರ್ತದ, ಎಲ್ಲಿ ಹೊಡದ್ರ ಬಿಡ್ತದ ಅಂತ. ನೆಟ್ಟಗ ಒಡೀರಿ. ಗಿಡಕ್ಕ ಏಟು ಬೀಳಬಾರ್ದು."

ನಮ್ಮ ಕಡೆ ಆಕಾಶ ಮುಟ್ಟುವ ಮರವೂ ಗಿಡವೇ. ಕೈಗವಸು ಹಾಕಿಕೊಂಡು ಉಳಿಯಂಥ ಛಣಿ, ಸುತ್ತಿಗೆಯಿಂದ ಒಡೆಯತೊಡಗಿದೆ. ಬೊಡ್ಡೆಗೆ ಹತ್ತಿದ ಸಿಮೆಂಟ್ ಪದರ ಎದ್ದು ಬಂದಾಗ ಕೊಳೆತ ವಾಸನೆ ಹೊಡೆಯಿತು. ಒಳಗೆ ತೊಗಟೆ ಕಪ್ಪಾಗಿ ಮೆತ್ತಗಾಗಿತ್ತು. ಬೆರಳು ಒತ್ತಿದರೆ ಒಳಹೋಗುವಂತಿತ್ತು.

ಮೇಡಂ ಮರದ ಬುಡದ ಬಳಿ ಕುಕ್ಕರಗಾಲಲ್ಲಿ ಕೂತು ತೋರಿಸಿದರು. "ಇದು ಗಿಡದ ಕೊರಳಿದ್ದಂಗ್ರಿ. ಬೊಡ್ಡಿ ಅಗಲ ಆಗಿ ಬೇರಿಗಿ ಇಳಿಯೋ ಜಾಗ. ಇದಕ್ಕ ಗಾಳಿ ಬೇಕು. ಇದರ ಮ್ಯಾಲ ಮಣ್ಣು ಏರಿಸಿ, ಸಿಮೆಂಟ್ ಬಿಗದು, ಕುಂದ್ರಲಾಕ ಛಲೋ ಜಾಗ ಆತು ಅಂತೀವಿ. ಗಿಡ ಹತ್ತು ವರ್ಷ ತಗೊಂಡು ಸಾಯ್ತದ. ಹತ್ತು ವರ್ಷದ ಮ್ಯಾಲ ಕಟ್ಟಿ ಕಟ್ಟಿದವ್ರ ನೆನಪು ಯಾರಿಗಿ ಇರ್ತದ್ರಿ?"

ನನಗೆ ಇತ್ತು. ನಾನು ಕಟ್ಟಿದ ಕಟ್ಟೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೀದರಿನ ಕಾಲೊನಿಗಳಲ್ಲಿ, ಭಾಲ್ಕಿಯ ಓಣಿಗಳಲ್ಲಿ, ಔರಾದ ಕಡೆಯ ಹಳ್ಳಿಗಳಲ್ಲಿ. ನಮ್ಮಲ್ಲಿ ಹಿರಿಯರು ಸತ್ತರೆ ಅವರ ಹೆಸರಿನಲ್ಲಿ ಊರ ಬೇವಿಗೋ ಆಲಕ್ಕೋ ಕಟ್ಟೆ ಕಟ್ಟಿಸುವುದು ಪುಣ್ಯದ ಕೆಲಸ. ನನಗೆ ಕೆಲಸ ಕಲಿಸಿದ ಗುರು, ಕಟ್ಟೆಗೂ ಬೊಡ್ಡೆಗೂ ನಡುವೆ ಇರುವೆ ನುಸುಳುವಷ್ಟೂ ಸಂದು ಬಿಡಬಾರದು, ಸಂದು ಬಿಟ್ಟವನು ಗೌಂಡಿಯೇ ಅಲ್ಲ ಎನ್ನುತ್ತಿದ್ದರು. ನಾನು ಎಂದೂ ಬಿಟ್ಟಿರಲಿಲ್ಲ. ಬೊಡ್ಡೆಯ ಉಬ್ಬು ತಗ್ಗಿಗೆ ತಕ್ಕಂತೆ ಗಿಲಾವು ತಿದ್ದಿ, ಒದ್ದೆ ಬಟ್ಟೆಯಿಂದ ಒರೆಸಿ, ಕನ್ನಡಿಯಂತೆ ಮಾಡುತ್ತಿದ್ದೆ. ಮಜಬೂತ್ ಎಂದರೆ ನಾನೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಅರಳಿಯ ಕಟ್ಟೆ ಪೂರ್ತಿ ಒಡೆಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಕೆಲಸವಿಲ್ಲದೆಯೂ ಹೋದೆ. ಆರನೆಯ ದಿನವೂ ಹೋದೆ. ಮೇಡಂ ಒಂದು ಕೈಗರಗಸ ಕೊಟ್ಟು, ಒಣ ಕೊಂಬೆ ಹೇಗೆ ತೆಗೆಯುವುದು ತೋರಿಸಿದರು. ಮೊದಲು ಕೆಳಗಿನಿಂದ ಅರ್ಧ ಕೊಯ್ಯಬೇಕು. ಆಮೇಲೆ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆ ಹುಟ್ಟುವಲ್ಲಿ ಇರುವ ಉಂಗುರದಂಥ ಉಬ್ಬನ್ನು ಬಿಟ್ಟು ತೆಗೆಯಬೇಕು. ಆ ಉಬ್ಬೇ ಗಾಯ ಮುಚ್ಚುವುದು. ಬಣ್ಣ ಬಳಿಯಬಾರದು, ಸೆಗಣಿ ಮೆತ್ತಬಾರದು. ಮರ ತನ್ನ ಗಾಯ ತಾನೇ ಮುಚ್ಚಿಕೊಳ್ಳುತ್ತದೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ?" ಎಂದು ಹೆಂಡತಿ ನಕ್ಕಳು. ನಗುತ್ತಲೇ ಹಳೆಯ ದಪ್ಪ ಪ್ಯಾಂಟಿನ ಮೊಣಕಾಲಿಗೆ ಎರಡು ಪದರ ಬಟ್ಟೆ ಹೊಲಿದುಕೊಟ್ಟಳು. ಒಂದು ವರ್ಷ ಕಲಿತೆ. ಹೈದರಾಬಾದಿನಲ್ಲಿ ಹಗ್ಗ ಕಟ್ಟಿ ಮರ ಹತ್ತಿ ಕೆಲಸ ಮಾಡುವವರ ಬಳಿ ಕೆಲವು ವಾರ ಇದ್ದು ಬಂದೆ. ಎತ್ತರ ನನಗೆ ಹೊಸದಲ್ಲ. ಮೂರನೆಯ ಅಂತಸ್ತಿನ ಹೊರಗೆ ಬಿದಿರಿನ ಮೇಲೆ ನಿಂತು ಬೀಡಿ ಸೇದಿದವನು ನಾನು. ಆದರೆ ಬಿದಿರು ಅಲುಗಾಡಿದರೆ ಸಿಟ್ಟು ಬರುತ್ತಿತ್ತು. ಮರ ಅಲುಗಾಡಿದರೆ ಹಾಗಾಗಲಿಲ್ಲ. ಮೊದಲ ಸಲ ಬೇವಿನ ನೆತ್ತಿಯಲ್ಲಿ ಗಾಳಿಗೆ ತೂಗಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಮೊದಲ ಕೆಲಸ ಸಿಕ್ಕಿದ್ದು ಭಾಲ್ಕಿಯಲ್ಲಿ. ನಿವೃತ್ತ ಮಾಸ್ತರರೊಬ್ಬರ ಹಿತ್ತಲ ಹುಣಸೆ ಮರದಲ್ಲಿ ಪೊಟರೆ ಬಿದ್ದಿತ್ತು. ನಾನು ಮೇಲೆ ಹತ್ತಿ ಒಣಗಿದ್ದನ್ನೆಲ್ಲ ತೆಗೆದು, ಭಾರ ಹಗುರ ಮಾಡಿ ಇಳಿದೆ. ಮಾಸ್ತರರು ಪೊಟರೆ ತೋರಿಸಿ, "ಇದಕ್ಕ ಸಿಮೆಂಟ್ ತುಂಬ್ರಿ. ನೀವು ಮೂಲದಾಗ ಗೌಂಡಿ ಅಲ್ಲೇನ್ರಿ? ಮಜಬೂತ್ ಆಗಲಿ" ಎಂದರು.

"ತುಂಬಿದ್ರ ಒಳಗ ನೀರು ನಿಂದ್ರತದ್ರಿ ಸರ್. ಇನ್ನೂ ಕೊಳೀತದ."

"ಹಲ್ಲಿನ ಡಾಕ್ಟರು ತುಂಬೂದಿಲ್ಲೇನ್ರಿ?"

"ಹಲ್ಲು ಬೆಳಿಯಂಗಿಲ್ರಿ, ಗಿಡ ಬೆಳೀತದ."

ಮಾಸ್ತರರು "ಈಗ ನೀವೇ ಮಾಸ್ತರು ಆದ್ರಿ" ಎಂದು ಒಳಗೆ ಚಹಾಕ್ಕೆ ಹೇಳಿದರು. ಅವರೇ ಓಣಿಯಲ್ಲೆಲ್ಲ ಗಿಡದ ಡಾಕ್ಟರು ಬಂದಿದ್ದಾರೆ ಎಂದು ಹಬ್ಬಿಸಿದ್ದು. ಚೇಷ್ಟೆಗೆ ಇಟ್ಟ ಹೆಸರು ಭಾಲ್ಕಿಯಲ್ಲಿ ನಿಂತೇ ಹೋಯಿತು. ಜ್ವರ ಬಂದ ಗಿಡಕ್ಕೆ ಸೂಜಿ ಚುಚ್ಚುತ್ತೀರಾ ಎಂದು ಕೇಳದವರೇ ಇಲ್ಲ. ಕೇಳಿದವರೇ ಮರುವಾರ ತಮ್ಮ ಮಾವಿನ ಮರಕ್ಕೆ ಕರೆಯುತ್ತಿದ್ದರು.

ಹೀಗೆ ಎರಡು ವರ್ಷ ನಡೆಯುತ್ತಿದ್ದಾಗ ನನ್ನ ಹೆಂಡತಿಯ ತಮ್ಮನ ಫೋನ್ ಬಂತು. ಅವಳ ತವರು ಔರಾದ ತಾಲೂಕಿನ ಹಳ್ಳಿ, ಚಿಂತಾಕಿಯ ಆಚೆ.

"ಮಾಮಾ, ಊರ ನಡುವಿನ ಬೇವಿನ ಗಿಡ ಒಣಗ್ಲತ್ತದ್ರಿ. ಒಂದು ಕೊಂಬಿ ಅಂಗನವಾಡಿ ಅಂಗಳದಾಗ ಬಿತ್ತು. ದೇವ್ರು ದೊಡ್ಡಾಂವ, ಅವತ್ತ ಸೂಟಿ ಇತ್ತು, ಮಕ್ಳು ಇರ್ಲಿಲ್ಲ. ಕಡೀಬೇಕಂತ ಪಂಚರು ಠರಾಯಿಸ್ಯಾರ. ನೀವು ಹ್ಯಾಂಗೂ ಅದೇ ಕೆಲಸ ಮಾಡ್ತೀರಿ, ಬಂದು ಕಡದು ಕೊಡ್ರಿ."

ಆ ಬೇವಿಗೆ ಕಟ್ಟೆ ಕಟ್ಟಿದವನು ನಾನೇ.

ನಮ್ಮ ಮಾವ ತೀರಿಕೊಂಡು ವರ್ಷವಾದಾಗ ಅವರ ಹೆಸರಿನಲ್ಲಿ ಕಟ್ಟಿದ್ದು. ನಾನು ಕಟ್ಟಿದ ಕಟ್ಟೆಗಳಲ್ಲೆಲ್ಲ ಅದೇ ಮೇಲು. ಬೀದರಿನ ಕೆಂಪು ಕಲ್ಲಿನ ಗೋಡೆ, ಮೇಲೆ ನುಣುಪಾದ ಶಹಾಬಾದಿ ಫರಸಿ, ಮುಂಭಾಗದಲ್ಲಿ ಮಾವನ ಹೆಸರು ಕೆತ್ತಿದ ಕರಿಕಲ್ಲು. ಮಾವನ ಮನೆಯ ಊರೆಂದು ಬೇರೆ ಕಡೆ ಎರಡು ಗೇಣು ಇಡುವ ಮಣ್ಣನ್ನು ಇಲ್ಲಿ ನಾಲ್ಕು ಗೇಣು ಏರಿಸಿದ್ದೆ, ಬೊಡ್ಡೆಗೆ ಒಂದು ಪದರದ ಬದಲು ಎರಡು ಪದರ ಗಿಲಾವು ಬಿಗಿದಿದ್ದೆ. ಪ್ರೀತಿ ಹೆಚ್ಚಾದಷ್ಟೂ ಸಿಮೆಂಟ್ ಹೆಚ್ಚಾಗಿತ್ತು. ಹನ್ನೆರಡು ವರ್ಷದಿಂದ ಆ ಊರಿನಲ್ಲಿ ನನಗೆ ಸಿಗುವ ಮರ್ಯಾದೆಯ ಅರ್ಧ ಭಾಗ ಆ ಕಟ್ಟೆಯದು.

ಹೆಂಡತಿಯೂ ನಾನೂ ಹೋದೆವು. ಮಾಘದ ಬಿಸಿಲು. ದೂರದಿಂದಲೇ ತಿಳಿಯಿತು, ಮರದ ನೆತ್ತಿ ಬೋಳಾಗಿತ್ತು. ಹಗ್ಗ ಕಟ್ಟಿ ಮೇಲೆ ಹತ್ತಿದೆ. ಉಗುರಿನಿಂದ ಕೊಂಬೆಗಳ ತೊಗಟೆ ಕೆರೆಯುತ್ತಾ ಹೋದೆ. ಪಡುವಣ ಬದಿಯ ಕೊಂಬೆಗಳು ಒಳಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಮೂಡಣ ಬದಿಯಲ್ಲಿ ಕೆರೆದಲ್ಲೆಲ್ಲ ಹಸಿರು ಕಂಡಿತು. ಜೀವ ಇತ್ತು. ಇಳಿದು ಬಂದೆ.

ಕಟ್ಟೆಯ ಮೇಲೆ ಎಂದಿನಂತೆ ಹತ್ತು ಹನ್ನೆರಡು ಗಂಡಸರು ಕೂತಿದ್ದರು. ಇಬ್ಬರು ಪೇಪರ್ ಓದುತ್ತಿದ್ದರು, ನಾಲ್ವರ ನಡುವೆ ಇಸ್ಪೀಟು ನಡೆದಿತ್ತು.

"ಏನ್ರಿ ಅಳಿಯಂದ್ರ, ಎಂದ ಕಡೀತೀರಿ?" ಎಂದರು ಪಂಚರಲ್ಲಿ ಹಿರಿಯರು.

"ಗಿಡ ಕಡೀಬ್ಯಾಡ್ರಿ. ಕಟ್ಟಿ ಒಡೀಬೇಕು" ಎಂದೆ.

ಇಸ್ಪೀಟು ನಿಂತಿತು. ಒಂದು ಕ್ಷಣ ತಪ್ಪಿಸಿಕೊಳ್ಳುವ ಆಸೆಯೂ ಆಯಿತು. ರೋಗ ಬಂದಿದೆ, ಹುಳ ಬಿದ್ದಿದೆ ಎಂದುಬಿಟ್ಟರೆ ಯಾರು ಕೇಳುತ್ತಾರೆ? ಅಥವಾ, ತಪ್ಪು ಕಟ್ಟೆಯದು ಎಂದರಾಯಿತು. ಕಟ್ಟೆಯ ತಪ್ಪೆಂದರೂ ನನ್ನ ತಪ್ಪೆಂದರೂ, ಅಳಿಯ ಅಲ್ಲ ಮಗಳ ಗಂಡ ಎಂದಂತೆ ಒಂದೇ ತಾನೆ? ಹೇಳಿಯೇಬಿಟ್ಟೆ. "ಈ ಗಿಡಕ್ಕ ಬ್ಯಾರೆ ಏನೂ ಆಗಿಲ್ರಿ. ನಾ ಇದರ ಕೊರಳಿಗಿ ಸಿಮೆಂಟ್ ಬಿಗದೀನಿ. ಗೊತ್ತಿಲ್ದೆ ಮಾಡೀನಿ, ಆದ್ರ ಮಾಡಿದಾಂವ ನಾನೇ. ಒಡದ್ರ ಉಳೀತದಂತ ಖಾತ್ರಿ ಕೊಡ್ಲಾರೆ. ಒಡೀದಿದ್ರ ಸಾಯೋದು ಮಾತ್ರ ಖಾತ್ರಿ."

ಗದ್ದಲ ಎದ್ದಿತು. ಒಬ್ಬರು, ಮಾವನ ಹೆಸರಿನ ಮೇಲೆ ಹಾರೆ ಹಾಕುವ ಅಳಿಯನನ್ನು ಇದೇ ಮೊದಲು ನೋಡಿದ್ದು ಎಂದರು. ಇನ್ನೊಬ್ಬರು, ಗಿಡ ಹೋದರೆ ತಗಡಿನ ಶೆಡ್ಡು ಹಾಕಿಸೋಣ, ಕಟ್ಟೆ ಇರಲಿ ಎಂದರು. ಹೆಂಡತಿಯ ತಮ್ಮ ಮುಖ ಕೆಂಪು ಮಾಡಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಹಿರಿಯರು ತೀರ್ಮಾನ ಹೇಳಿದರು. "ಕಟ್ಟಿ ಮ್ಯಾಲ ಯಾರ ಹೆಸರ ಅದ, ಅವರ ಮನಿಯಾಕಿನ್ನ ಕೇಳ್ರಿ. ನಿಮ್ಮ ಅತ್ತಿ ಹೂಂ ಅಂದ್ರ ಒಡೀರಿ. ಇಲ್ಲಂದ್ರ ನಾಡಿದ್ದ ಗಿಡ ಕಡಸ್ತೀವಿ."

ಹೆದರಿಕೆ ಶುರುವಾದದ್ದು ಆಗ. ಪಂಚರ ಮುಂದೆ ನಿಂತಾಗ ಅಷ್ಟು ಇರಲಿಲ್ಲ. ಅತ್ತೆಗೆ ಎಪ್ಪತ್ತು ದಾಟಿತ್ತು. ನನ್ನ ಎದುರು ಜೋರಾಗಿ ಮಾತಾಡಿದವರಲ್ಲ. ಗಂಡನ ಹೆಸರಿನ ಆ ಕಲ್ಲಿನ ಮುಂದೆ ಹಬ್ಬದ ದಿನ ಒಂದು ಹೂವು ಇಟ್ಟು ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ನೀನೂ ಬಾ ಎಂದು ಹೆಂಡತಿಯನ್ನು ಕರೆದೆ. "ನಾ ಯಾಕ ಬರ್ಲಿ? ಸಿಮೆಂಟ್ ಬಿಗದಾವ್ರು ನೀವು, ನೀವೇ ಹೇಳ್ರಿ" ಎಂದು ಅವಳು ಅಡುಗೆಮನೆಗೆ ಹೋದಳು.

ಅತ್ತೆ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ನಾನು ಎಲ್ಲ ಹೇಳಿದೆ. ಮಾವ ನನ್ನನ್ನು ಮಗನಂತೆ ನೋಡಿಕೊಂಡವರು. ಅವರ ಹೆಸರಿನಲ್ಲಿ ಮಾಡಿದ ಕೆಲಸವೇ ಊರಿನ ನೆರಳನ್ನು ಕೊಂದಿತಲ್ಲ ಎಂಬ ಸಂಕಟವನ್ನು ಹೇಳಿ ಮುಗಿಸಿ, ಬೈಗುಳ ಕಾಯುತ್ತಾ ಕೂತೆ.

ಅತ್ತೆ ಮೊರದಿಂದ ಕೈ ತೆಗೆದರು.

"ಅಳಿಯಂದ್ರ, ನಾ ಆ ಕಟ್ಟಿ ಮ್ಯಾಲ ಎಂದರ ಕುಂತದ್ದು ನೋಡೀರೇನ್ರಿ?"

ನೆನಪು ಮಾಡಿಕೊಂಡೆ. ಹಬ್ಬ, ಮದುವೆ, ಸುಮ್ಮನೆ ಹೋದ ದಿನಗಳು. ಅತ್ತೆ ಆ ದಾರಿಯಲ್ಲಿ ಸೆರಗು ಮುಂದೆ ಎಳೆದುಕೊಂಡು ಸರಸರ ಹೋಗುತ್ತಿದ್ದುದು ನೆನಪಾಯಿತು. ಕೂತದ್ದು ಒಂದು ಸಲವೂ ನೆನಪಾಗಲಿಲ್ಲ. ಅವರೊಬ್ಬರೇ ಅಲ್ಲ, ಯಾವ ಹೆಂಗಸೂ ಅಲ್ಲಿ ಕೂತದ್ದು ನೆನಪಿಲ್ಲ.

"ಕಟ್ಟಿ ಆಗೋಕಿಂತ ಮೊದಲ ಮಧ್ಯಾಹ್ನದಾಗ ಆ ನೆರಳು ನಮ್ದಿತ್ರಿ. ಗಂಡಸ್ರು ಹೊಲಕ್ಕ ಹೋದ್ರ ನಾವು ಹೆಣಮಕ್ಳು ಅಲ್ಲೇ ನೆಲದ ಮ್ಯಾಲ ಕುಂತು ಕಾಳು ಹಸನ ಮಾಡ್ತಿದ್ವಿ, ಕೌದಿ ಹೊಲೀತಿದ್ವಿ. ನಿಮ್ಮ ಮನಿಯಾಕಿ ಕೂಸಿದ್ದಾಗ ಅದೇ ಗಿಡಕ್ಕ ಜೋಳಿಗಿ ಕಟ್ಟಿ ತೂಗೀನಿ. ಕಟ್ಟಿ ಆತು, ಗಂಡಸ್ರು ಏರಿ ಕುಂತ್ರು. ಮುಂಜಾನಿಂದ ಸಂಜಿತನ ಇಳಿಯಂಗಿಲ್ಲ. ಅವ್ರ ಕಾಲಿನ ಬುಡಕ ಹೋಗಿ ನಾವು ಹ್ಯಾಂಗ ಕುಂದ್ರಬೇಕ್ರಿ? ಹನ್ನೆರಡು ವರ್ಷ ಆತು, ಈ ಪಡಸಾಲಿ ತಗಡಿನ ಬುಡಕ ಕುದೀಲತ್ತೀನಿ."

"ಅತ್ತಿ, ಒಂದ್ ಮಾತು ಅನ್ನಬಾರ್ದಿತ್ತೇನ್ರಿ?"

"ಏನ್ ಅನ್ಲಿ? ಅಳಿಯಂದ್ರು ಪ್ರೀತಿಲಿಂದ ಕಟ್ಯಾರ. ಭಾಳ ಚಂದನೂ ಕಟ್ಟಿದ್ರಿ." ಮತ್ತೆ ಕಾಳಿಗೆ ಕೈ ಹಾಕಿದರು. "ನಾಳಿಗೇ ಒಡೀರಿ. ಅವ್ರ ಹೆಸರಿನ ಕಲ್ಲು ಮೊದಲ ತಗದು ಮನಿಗಿ ತಂದು ಕೊಡ್ರಿ. ಅವ್ರಿಗೂ ಆ ಇಸ್ಪೀಟಿನ ಗದ್ದಲ ಸಾಕಾಗಿರ್ತದ."

ನಾನು ನಕ್ಕೆ, ಕಣ್ಣೊರೆಸಿಕೊಂಡೆ, ಮತ್ತೆ ನಕ್ಕೆ. ಹನ್ನೆರಡು ವರ್ಷ ಊರಿನವರ ಹೊಗಳಿಕೆ ಕೇಳಿದ್ದೆನಲ್ಲ, ಅದರಲ್ಲಿ ಒಂದು ಹೆಣ್ಣುದನಿಯೂ ಇರಲಿಲ್ಲ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ.

ಮರುದಿನ ಕಲ್ಲು ತೆಗೆದು ಮನೆಗೆ ತಂದೆವು. ಹೆಂಡತಿಯ ತಮ್ಮ ಅದನ್ನು ಬಾಗಿಲ ಪಕ್ಕದ ಗೋಡೆಗೆ ಕೂರಿಸಿದ. ತಾಯಿಯ ಮಾತು ಕೇಳಿದ ಮೇಲೆ ಅವನ ಸಿಟ್ಟೂ ಇಳಿದಿತ್ತು. ಹಾರೆ ಹಿಡಿದು ನನ್ನ ಜೊತೆ ಬಂದ. ನನ್ನ ಕೆಲಸ ಎಷ್ಟು ಮಜಬೂತ್ ಎಂದು ನನಗೆ ಗೊತ್ತಾದದ್ದು ಅವತ್ತು. ಒಂದೊಂದು ಕಲ್ಲೂ ಹಲ್ಲು ಕಿತ್ತಂತೆ ಬರುತ್ತಿತ್ತು. "ಯಾವ ಸುಡುಗಾಡ ಗೌಂಡಿ ಕಟ್ಯಾನೋ ಇದನ್ನ" ಎಂದು ನಾನೇ ಬೈದುಕೊಂಡೆ. ನೋಡುತ್ತಾ ನಿಂತಿದ್ದವರು ನಕ್ಕರು. ನಕ್ಕವರಲ್ಲಿ ಇಬ್ಬರು ಬಂದು ಕಲ್ಲು ಹೊತ್ತರು.

ಬೊಡ್ಡೆಯ ಹತ್ತಿರ ಹಾರೆ ಬಿಟ್ಟು ಸಣ್ಣ ಛಣಿ, ಕೊನೆಗೆ ಬರಿಯ ಕೈಗವಸಿನ ಬೆರಳು. ಮಣ್ಣೆಲ್ಲ ತೆಗೆದಾಗ ಪಡುವಣ ಬದಿಯ ತೊಗಟೆ ಕೊಳೆತಿತ್ತು. ಜಾಗ ಸಿಗದ ಎರಡು ಬೇರುಗಳು ಬೊಡ್ಡೆಗೇ ಸುತ್ತಿಕೊಂಡು ಅದರೊಳಗೆ ಕಚ್ಚಿ ಕೂತಿದ್ದವು. ಎರಡನ್ನೂ ಒಮ್ಮೆಲೇ ಕಡಿದರೆ ಮರ ತಾಳುವುದಿಲ್ಲ. ಒಂದನ್ನು ಕಡಿದು ಇನ್ನೊಂದನ್ನು ಮುಂದಿನ ವರ್ಷಕ್ಕೆ ಬಿಟ್ಟೆ. ಮೇಲೆ ಹತ್ತಿ ಒಣ ಕೊಂಬೆಗಳನ್ನೆಲ್ಲ ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಿದೆ. ಬುಡದಿಂದ ಮೂರು ಮಾರು ದೂರದವರೆಗೆ ಒಣ ಎಲೆ ಹರಡಿ, ಇದನ್ನು ಯಾರೂ ತುಳಿಯಬೇಡಿ ಎಂದು ಹೇಳಿ ಬೀದರಿಗೆ ಮರಳಿದೆ. ಗಂಡಸರು ಶಾಲೆಯ ಗೋಡೆಗೆ ಒರಗಿ ಇಸ್ಪೀಟು ಆಡತೊಡಗಿದರು.

ಆ ಯುಗಾದಿಗೆ ಮರ ನಾಚಿಕೆಗೆ ಎಂಬಂತೆ ನಾಲ್ಕು ಚಿಗುರು ಬಿಟ್ಟಿತು. ಸತ್ತಿತೆಂದು ಕೆಲವರು ಅಂದರಂತೆ. ನಾನು ಆ ಊರಿಗೆ ಫೋನ್ ಮಾಡುವುದನ್ನೇ ಬಿಟ್ಟೆ, ಮಾಡಿದರೆ ಮರದ ಮಾತು ಬರುತ್ತದಲ್ಲ. ಭಾಲ್ಕಿಯಲ್ಲಿ ಬೇರೆಯವರ ಮರ ಹತ್ತಿದಾಗಲೂ ತಲೆಯಲ್ಲಿ ಆ ಬೇವೇ ಇರುತ್ತಿತ್ತು. ಮಳೆ ಬಂತು, ಹೋಯಿತು. ಚಳಿಯಲ್ಲಿ ಹೋಗಿ ಎರಡನೆಯ ಬೇರನ್ನು ಕಡಿದೆ. ಕೊಳೆತ ಭಾಗದ ಅಂಚಿನಲ್ಲಿ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ ಬಂದಿತ್ತು. ಬೆರಳಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಯಾರಿಗೂ ಹೇಳಲಿಲ್ಲ.

ಮರುವರ್ಷ ಯುಗಾದಿಯ ಹತ್ತಿರ ಹೆಂಡತಿಯೇ ಜುಲುಮೆ ಮಾಡಿ ಕರೆದುಕೊಂಡು ಹೋದಳು. ಬಸ್ಸಿಳಿದಾಗ ಮಟಮಟ ಮಧ್ಯಾಹ್ನ. ತಿರುವಿನಲ್ಲೇ ಕಂಡಿತು. ಮೂಡಣ ಬದಿಯೆಲ್ಲ ತಾಮ್ರದ ಬಣ್ಣದ ಎಳೆಯ ಎಲೆ, ಪಡುವಣ ಬದಿಯಲ್ಲೂ ಅಲ್ಲಲ್ಲಿ ಚಿಗುರು. ಒಂದು ಬದಿ ಮೈ ಕಳೆದುಕೊಂಡ ಮರ, ಮೊದಲಿನ ಅಂದವಿಲ್ಲ. ಆದರೆ ಬದುಕಿತ್ತು. ಒಣ ಎಲೆ ಹರಡಿದ್ದರ ಅಂಚಿನಾಚೆ, ನೆರಳಿನಲ್ಲಿ ಎಂಟು ಹತ್ತು ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಯಾರದೋ ಕೌದಿ ಅರ್ಧ ಹೊಲಿದು ಹರಡಿತ್ತು. ನಡುವೆ ಅತ್ತೆ ಮೊರ ಹಿಡಿದು ಕೂತು ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅವರ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

ಹೆಂಡತಿ ಚಪ್ಪಲಿ ಬಿಟ್ಟು ನೇರ ಹೋಗಿ ಅವರ ನಡುವೆ ಕೂತಳು. ನಾನು ಬಿಸಿಲಲ್ಲೇ ನಿಂತೆ. ನೆರಳಿನ ಒಳಗೆ ಕಾಲಿಡಲು ಸಂಕೋಚ. ಹನ್ನೆರಡು ವರ್ಷ ಇವರೆಲ್ಲ ಹೀಗೇ ಆಚೆ ನಿಂತಿರಬೇಕು ಎನ್ನಿಸಿತು.

"ಬಿಸಿಲಾಗ ಯಾಕ ನಿಂತೀರಿ ಅಳಿಯಂದ್ರ?" ಅತ್ತೆ ಮೊರವನ್ನು ಸರಿಸಿ ಪಕ್ಕದ ನೆಲವನ್ನು ಕೈಯಿಂದ ಗುಡಿಸಿದರು. "ಬರ್ರಿ, ಜಾಗ ಭಾಳ ಅದ."

ನಾನು ಹೋಗಿ ಕೂತೆ. ಅಷ್ಟು ವರ್ಷ ಆ ಊರಿನ ಅಳಿಯನಾಗಿದ್ದು, ಆ ಬೇವಿನ ಕೆಳಗೆ ನೆಲದ ಮೇಲೆ ನಾನು ಕೂತದ್ದು ಅದೇ ಮೊದಲು.